ಖಾತ್ರಿ ಕುದುರೆ

ತಾರೀಖು ಹನ್ನೊಂದು, ಬುಧವಾರ
ಮಧ್ಯಾಹ್ನ

ಪ್ರೀತಿಯ ಚೂಟಿ,

ಮೊದಲು ನಿನ್ನ ಗಂಟಲು ಸರಿಹೋಗಲಿ, ಉಳಿದ ಆಶೀರ್ವಾದವೆಲ್ಲ ಆಮೇಲೆ. ನಮ್ಮ ಬೀದಿಯಲ್ಲಿ ಹಾದುಹೋಗುವ ಪ್ರಚಾರದ ವ್ಯಾನಿನ ಮೈಕಿನಲ್ಲಿ ನಿನ್ನ ದನಿ ಕೇಳಿದೆ, ಒಡೆದುಹೋಗಿದೆ. ಬಿಸಿನೀರು ಕುಡಿ. ಯಾರಾದರೂ ತಣ್ಣಗಿನ ಬಾಟಲಿ ಕೈಗೆ ಕೊಟ್ಟರೆ ಹಿಡಿದುಕೊಂಡಿರು, ಕುಡಿಯಬೇಡ.

ಈ ಕಾಗದ ನಾಲ್ಕು ದಿನದ ಹಿಂದೆಯೇ ಬರೆಯಬೇಕಿತ್ತು, ತಡವಾಯಿತು. ಎರಡು ಸಲ ಬರೆದು ಎರಡು ಸಲವೂ ಹರಿದು ಹಾಕಿದೆ. ಒಂದರಲ್ಲಿ ಬೈಗುಳ ಜಾಸ್ತಿಯಾಗಿತ್ತು, ಇನ್ನೊಂದರಲ್ಲಿ ಅಳು. ಫೋನ್ ಮಾಡಿದರೆ ಈಗೀಗ ಅಳಿಯಂದಿರೇ ಎತ್ತುತ್ತಾರೆ. "ಮೀಟಿಂಗಲ್ಲಿದಾಳೆ ದೊಡ್ಡಮ್ಮ, ಆಮೇಲೆ ಮಾಡಿಸ್ತೀನಿ" ಎನ್ನುತ್ತಾರೆ. ಆ ಆಮೇಲೆ ಇನ್ನೂ ಬಂದಿಲ್ಲ. ಅದಕ್ಕೇ ಇದನ್ನು ನಿನ್ನ ಪೇಪರಿನ ಮಡಿಕೆಯೊಳಗೆ ಇಟ್ಟು ಕೊಡು ಎಂದು ಪೇಪರ್ ಹಾಕುವವನಿಗೆ ಹೇಳಿದ್ದೇನೆ. ಅವನ ಅಂಗಿಗೆ ನಾಲ್ಕು ಗುಂಡಿ ಹಾಕಿಕೊಟ್ಟೆ, ಮಾತು ತಪ್ಪುವುದಿಲ್ಲ.

ನಿನ್ನೆ ಸಂಜೆ ಅಳಿಯಂದಿರು ಬಂದಿದ್ದರು. ನಾನು ಕಿಟಕಿ ಪಕ್ಕದ ಮಿಷನ್ನಿನ ಮುಂದೆ ಕೂತು ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದೆ. ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿಕೊಟ್ಟರೂ ಕೂರಲಿಲ್ಲ. ಗೋಡೆಯ ಮೇಲೆ ಅಂಟಿಸಿರುವ ಕುದುರೆಗಳ ಚಿತ್ರದ ಕಡೆ ಬೆನ್ನು ಮಾಡಿ ನಿಂತರು, ಎಲ್ಲಿ ಅವು ಒದ್ದುಬಿಡುತ್ತವೋ ಎನ್ನುವ ಹಾಗೆ.

"ದೊಡ್ಡಮ್ಮ, ಒಂದು ಹತ್ತು ದಿನ ನಮ್ಮಮ್ಮನ ಮನೇಲಿ ಇದ್ದು ಬನ್ನಿ. ಹವಾ ಬದಲಾವಣೆ ಆಗುತ್ತೆ."

"ನನ್ನ ಹವಾಕ್ಕೆ ಏನಾಗಿದೆ?"

"ಹಾಗಲ್ಲ. ಚುನಾವಣೆ ಗಲಾಟೆ. ನಿಮ್ಮ ವಯಸ್ಸಿಗೆ ಇದೆಲ್ಲ ಯಾಕೆ?"

"ಮತ್ತೆ ನನ್ನ ವೋಟು?"

"ಒಂದು ವೋಟಲ್ಲಿ ಏನಾಗುತ್ತೆ ಬಿಡಿ."

ಹೀಗೆ ಹೇಳುವ ಅಭ್ಯರ್ಥಿಯ ಗಂಡನನ್ನು ನಾನು ನೋಡಿದ್ದು ಇದೇ ಮೊದಲು. ಹೋಗುವಾಗ ಶುಕ್ರವಾರ ಬೆಳಗಿನ ಬಸ್ಸಿನ ಟಿಕೆಟನ್ನು ಮಿಷನ್ನಿನ ಮೇಲಿಟ್ಟು, "ಹೋಗದಿದ್ರೂ ಶನಿವಾರ ಮಾತ್ರ ರೇಸ್ ಕೋರ್ಸ್ ಕಡೆ ದಯವಿಟ್ಟು ತಲೆ ಹಾಕಬೇಡಿ" ಎಂದರು. ಒಳ್ಳೆಯ ಮನುಷ್ಯ, ಹೆದರಿದ್ದಾರೆ. ನೀನು ಕಳಿಸಿದೆಯೋ ಅವರೇ ಬಂದರೋ ನಾನು ಕೇಳಲಿಲ್ಲ. ಉತ್ತರ ಕೇಳಿಸಿಕೊಳ್ಳುವ ಧೈರ್ಯ ಇರಲಿಲ್ಲ.

ರೇಸ್ ಕೋರ್ಸ್ ಮುಚ್ಚಿಸಿ ಅಲ್ಲಿ ಆಸ್ಪತ್ರೆ ಕಟ್ಟಿಸುತ್ತೇನೆ ಎಂದು ನೀನು ಊರಿಗೆಲ್ಲ ಸಾರುತ್ತಿದ್ದೀಯ. ಅದಕ್ಕೆ ನನಗೆ ಸಿಟ್ಟಿಲ್ಲ, ನಂಬು. ಆಸ್ಪತ್ರೆ ಬೇಕು. ಅಲ್ಲಿ ಮನೆ ಹಾಳು ಮಾಡಿಕೊಂಡವರನ್ನು ನಿನಗಿಂತ ಹತ್ತಿರದಿಂದ ಕಂಡವಳು ನಾನು. ನನ್ನ ಜೊತೆ ಕೆಲಸ ಕಲಿತ ದರ್ಜಿಯೊಬ್ಬ ತನ್ನ ಕತ್ತರಿಯನ್ನೂ ಮಾರಿ ಬಾಜಿ ಕಟ್ಟಿ, ಆಮೇಲೆ ನನ್ನ ಕತ್ತರಿ ಕೇಳಲು ಬಂದ. ಕೊಟ್ಟೆ. ಅದೂ ಮುಂದಿನ ಶನಿವಾರ ಓಡಿಹೋಯಿತು. ಆದರೆ ನಾನು ವಾರಕ್ಕೆ ಒಂದೇ ಬಾಜಿ ಕಟ್ಟುವವಳು, ಅದೂ ಹೊಲಿಗೆಯ ಚಿಲ್ಲರೆಯಲ್ಲಿ. ಗೆದ್ದರೆ ಬಸ್ಸಿನಲ್ಲಿ ಮನೆಗೆ, ಸೋತರೆ ನಡೆದು ಮನೆಗೆ. ಮೊಣಕಾಲು ನೋವು ಅದರಿಂದಲೇ ಎಂದು ನೀನು ನಗುತ್ತಿದ್ದೆ. ನಿನ್ನಮ್ಮ ರೇಸಿನ ಪುಸ್ತಕದಿಂದ ಕುದುರೆಗಳ ಹೆಸರು ಓದಿ ಹೇಳುತ್ತಿದ್ದಳು, ನಾನು ಅಕ್ಷರದ ಮೇಲೆ ಬೆರಳಿಟ್ಟು ಓದು ಕಲಿತೆ. ಈ ಕಾಗದ ಬರೆಯಲು ಬಂದದ್ದೂ ಅಲ್ಲಿಂದಲೇ.

ಇನ್ನೊಂದು ಮಾತು. ಕುದುರೆಯ ಬೆನ್ನ ಮೇಲೆ ಎಷ್ಟು ಭಾರ ಹೇರಿದ್ದಾರೆ ಎಂದು ಓಟಕ್ಕೆ ಮೊದಲೇ ಅಚ್ಚು ಹಾಕಿಸಿ ಎಲ್ಲರಿಗೂ ಹಂಚುತ್ತಾರೆ. ಓಟ ಮುಗಿದ ಮೇಲೆ ಜಾಕಿ ಜೀನು ಸಮೇತ ತಕ್ಕಡಿ ಏರಬೇಕು. ತೂಕ ತಾಳೆಯಾಗುವ ತನಕ ಗೆದ್ದವನೂ ಗೆದ್ದವನಲ್ಲ. ನಿಮ್ಮ ಓಟದಲ್ಲಿ ಯಾರ ಬೆನ್ನ ಮೇಲೆ ಯಾರು ಕೂತಿದ್ದರು ಎಂದು ತಿಳಿಯುವುದು ಐದು ವರ್ಷ ಕಳೆದ ಮೇಲೆ. ನಾವು ಜೂಜುಕೋರರು ನಮ್ಮ ದುಡ್ಡಿನಲ್ಲಿ ತಪ್ಪು ಮಾಡುತ್ತೇವೆ. ನಿಮ್ಮವರು ನಮ್ಮ ದುಡ್ಡಿನಲ್ಲೇ ತಪ್ಪು ಮಾಡಿ ಹಾರ ಹಾಕಿಸಿಕೊಳ್ಳುತ್ತಾರೆ. ನೀನು ಹಾಗಲ್ಲ ಎಂದುಕೊಂಡಿದ್ದೇನೆ.

ಈಗ ಹೆದರಿಕೆಯ ಸುದ್ದಿ. ಸೀಮೆಸುಣ್ಣ ನೆನಪಿದ್ದಾನಲ್ಲ, ಹಲಗೆಯ ಮೇಲೆ ದರ ಬರೆದು ಬರೆದು ಕೈಯೆಲ್ಲ ಬೆಳ್ಳಗಿರುವ ಬುಕ್ಕಿ? ಚಿಕ್ಕಂದಿನಲ್ಲಿ ನಿನ್ನ ಮೂಗಿನ ಮೇಲೆ ಚುಕ್ಕೆ ಇಡುತ್ತಿದ್ದ. ಈಗ ಅವನು ಚುನಾವಣೆಗೂ ಬಾಜಿ ಹಿಡಿಯುತ್ತಾನೆ, ಹಲಗೆಯಿಲ್ಲದೆ, ಬರೀ ಬಾಯಲ್ಲಿ. ಇವತ್ತು ಬೆಳಿಗ್ಗೆ ಚಹಾ ಅಂಗಡಿಯಲ್ಲಿ ನನ್ನನ್ನು ಪಕ್ಕಕ್ಕೆ ಕರೆದ.

"ಅಕ್ಕ, ಹೋದ ವಾರ ನಿಮ್ಮ ಹುಡುಗಿ ಮೇಲೆ ನೂರು ಕಟ್ಟಿದ್ರೆ ಗೆದ್ದಾಗ ಇಪ್ಪತ್ತು ಸೇರಿಸಿ ಕೊಡ್ತಿದ್ದೆ. ಅಷ್ಟು ಖಾತ್ರಿ ಇತ್ತು. ನಿನ್ನೆಯಿಂದ ನಾನೂರು ಸೇರಿಸ್ತೀನಿ ಅಂದ್ರೂ ಮುಟ್ಟೋರಿಲ್ಲ."

"ಯಾಕೆ?"

"ದೊಡ್ಡ ದುಡ್ಡೆಲ್ಲ ಆ ಕಡೆ ಬಿದ್ದಿದೆ. ಭಾನುವಾರ ಅವರ ಸಭೇಲಿ ಏನೋ ಇದೆಯಂತೆ. ಏನು ಅಂತ ಬಾಯಿ ಬಿಡ್ತಿಲ್ಲ."

ಚೂಟಿ, ಮುಂದಿರುವ ಕುದುರೆಯ ದರ ಕಾರಣವಿಲ್ಲದೆ ಹೀಗೆ ಏರಿದರೆ ನಮ್ಮವರು ಒಂದೇ ಮಾತು ಹೇಳುತ್ತಾರೆ. ಅದರ ಕಾಲಿನಲ್ಲಿ ನೋವಿದೆ, ಅದು ಲಾಯದಲ್ಲಿ ಯಾರಿಗೋ ಗೊತ್ತಿದೆ. ನಿನ್ನ ಸುತ್ತ ಇರುವವರನ್ನು ಒಮ್ಮೆ ನೋಡಿಕೊ. ಯಾರೋ ಅಂಗಡಿಗೆ ಬಂದರು, ಈಗ ಬರುತ್ತೇನೆ.

ಶುಕ್ರವಾರ, ಬೆಳಿಗ್ಗೆ

ಬಸ್ಸು ಹೋಯಿತು, ನಾನು ಹೋಗಲಿಲ್ಲ. ಟಿಕೆಟ್ಟನ್ನು ಹಿಂದಕ್ಕೆ ಕಳಿಸುತ್ತೇನೆ ಎಂದು ಅಳಿಯಂದಿರಿಗೆ ಹೇಳು, ಸಿಟ್ಟು ಮಾಡಿಕೊಳ್ಳಬಾರದು.

ಕಾಗದ ಅರ್ಧಕ್ಕೆ ನಿಂತದ್ದೇ ಒಳ್ಳೆಯದಾಯಿತು. ನಿನ್ನ ಲಾಯದಲ್ಲಿ ಯಾರೂ ಬಾಯಿ ಬಿಟ್ಟಿಲ್ಲ. ಯಾರನ್ನೂ ಅನುಮಾನಿಸಬೇಡ. ಭಾನುವಾರ ಇದೆಯಂತಲ್ಲ ಆ 'ಏನೋ', ಅದು ನಾನು.

ನಿನ್ನೆ ಮಧ್ಯಾಹ್ನ ಎದುರು ಪಕ್ಷದವನೊಬ್ಬ ಬಂದ. ಹೆಸರು ಹೇಳಲಿಲ್ಲ. ಬಿಳಿ ಬೂಟು ಹಾಕಿದ್ದ, ಅದಕ್ಕೆ ಮಣ್ಣು ತಾಕದ ಹಾಗೆ ಬೀದಿಯಲ್ಲಿ ಕುಪ್ಪಳಿಸುತ್ತಾ ಬಂದ. ಚೀಲದಲ್ಲಿ ತಂದಿದ್ದ ಹೊಸ ಪ್ಯಾಂಟನ್ನು ಪರದೆಯ ಹಿಂದೆ ಹಾಕಿಕೊಂಡು ಬಂದು ಅಂಚು ಅರ್ಧ ಇಂಚು ಗಿಡ್ಡ ಮಾಡಬೇಕು ಎಂದ. ಅದು ಸರಿಯಾಗಿಯೇ ಇತ್ತು. ಗಿರಾಕಿ ಕೇಳಿದ ಮೇಲೆ ನಾನು ಇಲ್ಲವೆನ್ನುವುದಿಲ್ಲ. ಅವನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತು, ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಗುರುತು ಹಾಕತೊಡಗಿದೆ. ನನಗೆ ಮಾತಾಡಲು ಆಗದ ಹೊತ್ತನ್ನೇ ನೋಡಿಕೊಂಡು ಅವನು ಶುರು ಮಾಡಿದ.

"ಅಮ್ಮಾ, ಭಾನುವಾರ ಸಂಜೆ ನಮ್ಮ ವೇದಿಕೆಗೆ ಬರಬೇಕು. ಭಾಷಣ ಏನೂ ಬೇಡ. ಮುಂದಿನ ಸಾಲಲ್ಲಿ ಸುಮ್ನೆ ಕೂತ್ಕೊಳ್ಳಿ. ಆಕೆಯ ದೊಡ್ಡಮ್ಮ ಇವರೇ ಅಂತ ಜನಕ್ಕೆ ತೋರಿಸ್ತೀವಿ, ಅಷ್ಟೇ. ಕಾರು ಕಳಿಸ್ತೀವಿ."

ನಾನು ಇನ್ನೊಂದು ಕಾಲಿಗೆ ಸೂಜಿ ಚುಚ್ಚಿದೆ. ಪ್ಯಾಂಟಿಗೆ, ಕಾಲಿಗಲ್ಲ. ಮನಸ್ಸಿತ್ತು.

"ನೀವು ಬಾಜಿ ಕಟ್ಟೋರು, ಲೆಕ್ಕ ಬಲ್ಲವರು. ಸೋಲೋ ಕುದುರೆ ಮೇಲೆ ಯಾರಾದ್ರೂ ಕಟ್ತಾರಾ?"

ತುಟಿಯಲ್ಲಿದ್ದ ಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿ ಹೇಳಿದೆ. "ದಿನಾ ಕಟ್ತಾರೆ ಕಣಪ್ಪ. ಬುಕ್ಕಿಗಳು ಊಟ ಮಾಡ್ತಿರೋದೇ ಅದರಿಂದ."

ನಕ್ಕ. ನಗುತ್ತಲೇ ಕಿಟಕಿಯಿಂದ ಬೀದಿಯ ಆ ತುದಿ ಈ ತುದಿ ನೋಡಿದ.

"ಬರದಿದ್ರೆ ನಾವೇ ಇಲ್ಲಿಗೆ ಬರಬೇಕಾಗುತ್ತೆ. ಜನ, ಕ್ಯಾಮೆರಾ, ಎಲ್ಲಾ. ಬೀದಿ ಬೇರೆ ಕಿರಿದು. ನಿಮಗೇ ತೊಂದರೆ. ಶನಿವಾರ ರಾತ್ರಿಯೊಳಗೆ ಹೇಳಿ ಕಳಿಸಿ."

ಅವನು ತನ್ನ ಹಳೆಯ ಪ್ಯಾಂಟು ಹಾಕಿಕೊಂಡು, ಹೊಸದನ್ನು ಬಿಟ್ಟು ಹೋದ ಮೇಲೆ ಬಾಗಿಲ ಅಗುಳಿ ಹಾಕಿದೆ. ಹಗಲು ಹೊತ್ತಿನಲ್ಲಿ ಅಂಗಡಿಯ ಬಾಗಿಲು ಹಾಕಿದ್ದು ಎಂದೂ ಇಲ್ಲ. ಅವನ ಪ್ಯಾಂಟಿನ ಅಂಚು ಹೊಲಿಯಲು ಕೂತೆ. ಹೊಲಿಯುತ್ತಿರುವಾಗ ಒಂದು ಯೋಚನೆ ಬಂತು. ನಿನಗಲ್ಲದೆ ಯಾರಿಗೂ ಹೇಳುವಂಥದ್ದಲ್ಲ.

ನಲವತ್ತು ವರ್ಷ ನಾನು ಖಾತ್ರಿ ಕುದುರೆಯನ್ನು ಹುಡುಕಿದ್ದೇನೆ. ಜಾಕಿಯ ತಮ್ಮ ಹೇಳಿದ್ದು, ಲಾಯದ ಕಾವಲುಗಾರ ಹೇಳಿದ್ದು, ಕನಸಿನಲ್ಲಿ ಬಂದದ್ದು, ಎಲ್ಲದರ ಮೇಲೂ ಕಟ್ಟಿ ಎಲ್ಲದರಲ್ಲೂ ನಡೆದು ಮನೆಗೆ ಬಂದಿದ್ದೇನೆ. ಫಲಿತಾಂಶ ಮೊದಲೇ ಗೊತ್ತಿರುವ ಓಟ ಒಂದೇ ಒಂದು ಸಿಗಲಿ ಎಂದು ಆಸೆಪಡದ ಜೂಜುಕೋರನಿಲ್ಲ. ಈಗ ಅದು ನನ್ನ ಅಂಗಡಿಗೇ ಬಿಳಿ ಬೂಟು ಹಾಕಿಕೊಂಡು ಬಂತು. ನಾನು ಆ ಕಡೆಗೆ ಬಾಜಿ ಕಟ್ಟಿ, ಭಾನುವಾರ ಒಂದು ಕುರ್ಚಿಯ ಮೇಲೆ ಕೂತರೆ ಸಾಕು. ಕುದುರೆ ಓಡಬೇಕಾಗಿಯೂ ಇಲ್ಲ.

ಅಗುಳಿ ತೆಗೆದು ಸೀಮೆಸುಣ್ಣನ ಬಳಿ ಹೋದೆ. ಈ ಶನಿವಾರದ ನನ್ನ ಬಾಜಿ ಕುದುರೆಗಲ್ಲ, ನಿನಗೆ. ನೀನು ಗೆಲ್ಲುತ್ತೀಯ ಎಂದು.

"ಅಕ್ಕ, ಬಿಳಿ ಬೂಟಿನವನು ನಿಮ್ಮ ಬೀದಿಯಿಂದ ಬಂದದ್ದನ್ನ ನಾನು ನೋಡ್ದೆ. ಗೊತ್ತಿದ್ದೂ ಗೊತ್ತಿದ್ದೂ?"

"ಬರ್ಕೋ."

"ನಿಮ್ಮ ದುಡ್ಡು ತಗೊಳಕ್ಕೆ ಬೇಜಾರಾಗುತ್ತೆ."

"ನಲವತ್ತು ವರ್ಷದಲ್ಲಿ ಒಂದಿನಾನೂ ಆಗಿಲ್ಲ, ಇವತ್ತೇನು ಹೊಸದು? ಬರ್ಕೋ."

ಬಾಜಿ ಎಂದರೆ ಏನು ಚೂಟಿ? ನನ್ನ ಅಭಿಪ್ರಾಯ ಇದು, ತಪ್ಪಾದರೆ ಕಳೆದುಕೊಳ್ಳುವವಳೂ ನಾನೇ ಎನ್ನುವುದು. ಅದಿಲ್ಲದ ಅಭಿಪ್ರಾಯ ಚಹಾ ಅಂಗಡಿಯ ಮಾತು.

ಆದರೆ ನಾನು ಅವರ ವೇದಿಕೆಗೆ ಹೋಗದಿದ್ದ ಮಾತ್ರಕ್ಕೆ ನೀನು ಉಳಿಯುವುದಿಲ್ಲ. ಅವರು ಇಲ್ಲಿಗೆ ಬರುತ್ತಾರೆ. ಊರು ಬಿಟ್ಟು ಹೋಗಿದ್ದರೆ ಬಚ್ಚಿಟ್ಟರು ಎಂದು ಬೊಬ್ಬೆ ಹಾಕುತ್ತಿದ್ದರು. ಕ್ಯಾಮೆರಾ ಎದುರು ಹಿಡಿದು ನೀವು ಯಾರು ಎಂದು ಕೇಳಿದರೆ ನಾನು ಬೇರೆ ಯಾರೋ ಎಂದು ಹೇಳಲಾರೆ. ಅದೊಂದನ್ನು ನಿನಗೋಸ್ಕರವೂ ಹೇಳಲಾರೆ.

ಅವರ ಸಭೆ ಭಾನುವಾರ. ನಿನ್ನ ಕೊನೆಯ ಸಭೆ ನಾಳೆ, ಶನಿವಾರ. ಒಂದು ದಿನ ನೀನು ಮುಂದಿದ್ದೀಯ. ಗೇಟು ತೆರೆದ ಕ್ಷಣದಲ್ಲೇ ಹಾರಿದ ಕುದುರೆಯನ್ನು ಹಿಡಿಯುವುದು ಕಷ್ಟ. ನಾಳೆ ಮೈಕಿನ ಮುಂದೆ ನೀನೇ ಹೇಳು. ನನ್ನ ದೊಡ್ಡಮ್ಮ ಇದ್ದಾಳೆ, ಇದೇ ಊರಿನಲ್ಲಿ ಪ್ಯಾಂಟಿನ ಅಂಚು ಹೊಲಿಯುತ್ತಾಳೆ, ಶನಿವಾರ ಕುದುರೆಗೆ ದುಡ್ಡು ಕಟ್ಟುತ್ತಾಳೆ, ನಾನು ರೇಸ್ ಕೋರ್ಸ್ ಮುಚ್ಚಿಸಿದರೆ ನನ್ನ ಮೇಲೆ ಮುನಿಸಿಕೊಳ್ಳುತ್ತಾಳೆ, ಆದರೂ ಮುಚ್ಚಿಸುತ್ತೇನೆ ಎನ್ನು. ಒಂದಿಷ್ಟು ಜನ ಬೈಯುತ್ತಾರೆ. ಒಂದಿಷ್ಟು ವೋಟು ಹೋಗುತ್ತದೆ. ಸೋತರೂ ಸೋಲಬಹುದು. ಭಾನುವಾರ ತೋರಿಸಲು ಅವರ ಕೈಯಲ್ಲಿ ಮಾತ್ರ ಏನೂ ಉಳಿಯುವುದಿಲ್ಲ.

ಹೇಳುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಹೇಳದಿದ್ದರೂ ನನ್ನ ವೋಟು ನಿನಗೇ, ಬಿಳಿ ಬೂಟಿನವನಿಗೆ ನನ್ನ ಉತ್ತರವೂ ಅದೇ. ಅಂಚು ಹೊಲಿದಿಟ್ಟಿದ್ದೇನೆ, ಕೂಲಿ ಕೊಟ್ಟು ತೆಗೆದುಕೊಂಡು ಹೋಗಲಿ.

ಹೊತ್ತು ಹೊತ್ತಿಗೆ ಉಣ್ಣು. ವೇದಿಕೆಯ ಮೇಲೆ ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ನಿನ್ನ ಕಣಕಾಲು ಚಿಕ್ಕಂದಿನಿಂದಲೂ ಉಳುಕುವ ಜಾತಿ. ಅಳಿಯಂದಿರನ್ನು ಗದರಬೇಡ. ನಿನ್ನ ತಲೆಯ ಮೇಲೆ ಸದಾ ನನ್ನ ಕೈ ಇದೆ, ಎಷ್ಟೇ ಎತ್ತರಕ್ಕೆ ಏರಿದರೂ ಎಟುಕುತ್ತದೆ.

ನಿನ್ನ
ದೊಡ್ಡಮ್ಮ

ವಿ.ಸೂ.: ಬರೆಯಬಾರದು ಎಂದುಕೊಂಡಿದ್ದೆ. ಹೋದ ಶನಿವಾರ ಸಂಜೆ ಮಾರುಕಟ್ಟೆಯ ಹಿಂದಿನ ಮೈದಾನಕ್ಕೆ ನಿನ್ನ ಭಾಷಣ ಕೇಳಲು ನಾನೂ ಬಂದಿದ್ದೆ. ಸೈಕಲ್ಲುಗಳನ್ನು ನಿಲ್ಲಿಸಿದ್ದ ಕಡೆ, ಎಲ್ಲರಿಗಿಂತ ಹಿಂದೆ ನಿಂತಿದ್ದೆ. "ನನ್ನನ್ನ ಸಾಕಿದ ದೊಡ್ಡಮ್ಮ ಈ ಕುದುರೆ ಚಟಕ್ಕೆ ಬಿದ್ದು ಎಲ್ಲಾ ಕಳ್ಕೊಂಡು, ಅದೇ ಕೊರಗಲ್ಲಿ ತೀರಿಹೋದ್ರು" ಎಂದು ನೀನು ಹೇಳಿದ್ದು ಕೇಳಿಸಿತು. ಚೆನ್ನಾಗಿ ಹೇಳಿದೆ ಮಗಳೇ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಮೈದಾನವೇ ಸುಮ್ಮನಾಯಿತು. ನನ್ನ ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡು, "ಪಾಪ, ಎಷ್ಟು ವಯಸ್ಸಾಗಿತ್ತೋ ಏನೋ" ಎಂದಳು. "ಅರವತ್ತೊಂಬತ್ತು" ಎಂದೆ. ಅವಳು ನನ್ನ ಕಡೆ ತಿರುಗಿ, "ನಿಮಗೆ ಗೊತ್ತಿದ್ದವರಾ?" ಎಂದು ಕೇಳಿದಳು. ನೀನು ವೇದಿಕೆಯ ಮೇಲೆ ನೀರು ಕುಡಿಯುತ್ತಿದ್ದೆ. ನಾನು "ಸ್ವಲ್ಪ" ಎಂದೆ.