ನಿಮ್ಮ ಬಿಳಿ ಕಾರು ನನ್ನ ಹೆಸರಿಗೆ ಬಂದಿದೆ

ನಮ್ಮ ಮನೆಯಲ್ಲಿ ಮುದ್ದೆ ಉಂಡು ಹೋದ ಮಾನ್ಯ ನಾಯಕರೇ,

ಎಲ್ಲಕ್ಕಿಂತ ಮೊದಲು ನಿಮ್ಮ ಡ್ರೈವರಣ್ಣನಿಗೆ ಗಾಡಿ ನಿಧಾನ ಓಡಿಸಲು ಹೇಳಿ. ಕಾಗದದ ಪ್ರಕಾರ ನಿಮ್ಮ ಬಿಳಿ ಕಾರು ಈಗ ನನ್ನದು. ಅದು ಎಲ್ಲಾದರೂ ಯಾರಿಗಾದರೂ ಗುದ್ದಿದರೆ ಪೊಲೀಸರು ನನ್ನನ್ನು ಹುಡುಕಿಕೊಂಡು ಬರುತ್ತಾರೋ ಏನೋ ಎಂಬ ಯೋಚನೆಯಲ್ಲಿ ಹದಿನೈದು ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಸೇರುತ್ತದೆ ಎಂದರೂ ಅನ್ನವಿಲ್ಲ. ಕಾರು ಇಟ್ಟುಕೊಂಡವನಿಗೆ ಬಿಪಿಎಲ್ ಕಾರ್ಡು ಯಾಕೆ ಎಂದು ನಮ್ಮ ಕಾರ್ಡನ್ನು ರದ್ದು ಮಾಡಿದ್ದಾರೆ. ಇದೇ ನನ್ನ ದೂರು. ಮುಂದಿನದೆಲ್ಲ ಅದರ ವಿವರ.

ನಾನು ಶೀಳನೆರೆ ಹೋಬಳಿಯ ಒಂದು ಸಣ್ಣ ಕೊಪ್ಪಲಿನವನು. ಏಳನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಪಾಂಡವಪುರದ ಕಡೆ ಆಲೆಮನೆಗೆ ಸೇರಿದವನು, ಇವತ್ತಿಗೂ ಬೆಲ್ಲ ಕಾಯಿಸುವ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ಮುದ್ದೆಯನ್ನು ಅರ್ಧಕ್ಕೇ ಬಿಟ್ಟಿದ್ದರಿಂದ ಜಾಗ ಇದ್ದೇ ಇರುತ್ತದೆ.

ನೀವು ಒಂದು ಹೊತ್ತು ಬಡವರ ಮನೆಯಲ್ಲಿ ಉಂಡು ಬಡತನವನ್ನು ಕಣ್ಣಾರೆ ಕಾಣುವ ಕಾರ್ಯಕ್ರಮ ಹಾಕಿಕೊಂಡಿರಿ. ಊರಿನಲ್ಲಿ ಎಲ್ಲರಿಗಿಂತ ಬಡವರು ಯಾರು ಎಂದು ವಿಚಾರಿಸಿದಾಗ ನಮ್ಮ ಮನೆ ಆಯ್ಕೆಯಾಯಿತು. ಶಾಲೆಯಲ್ಲಿ ಯಾವುದರಲ್ಲೂ ಮೊದಲು ಬಾರದವನು ಇದರಲ್ಲಿ ಮೊದಲು ಬಂದೆ. ಸಂತೋಷಪಡಬೇಕೋ ಬೇಡವೋ ತಿಳಿಯದೆ ಎರಡು ದಿನ ಒದ್ದಾಡಿದೆ. ಒದ್ದಾಡುವುದರೊಳಗೆ ನನ್ನ ಹೆಂಡತಿ ಸರಸಮ್ಮ ಬೀದಿಗೆ ಇಳಿದಾಗಿತ್ತು.

ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಒಬ್ಬರ ಮನೆಗೆ ದೊಡ್ಡ ನೆಂಟರು ಬರುತ್ತಾರೆಂದರೆ ಇಡೀ ಬೀದಿ ಸಾಮಾನು ಕೊಡುತ್ತದೆ. ಹೆಣ್ಣು ನೋಡಲು ಬರುವವರಿಗೆ ಹಾಕಿದ ಕುರ್ಚಿ ಒಂದು ಮನೆಯದು, ಲೋಟ ಇನ್ನೊಂದು ಮನೆಯದು, ಗೋಡೆಯ ಗಡಿಯಾರ ಮತ್ತೊಂದು ಮನೆಯದು. ನೋಡಲು ಬಂದವರಿಗೂ ಇದು ಗೊತ್ತು, ಅವರ ಮನೆಯಲ್ಲೂ ಹಾಗೆಯೇ. ಬೀದಿಯ ಕೊನೆ ಮನೆಯ ಮಂಚಯ್ಯ ತನ್ನ ಫ್ರಿಡ್ಜನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಬಂದ. ಬೇಡ ಕಣಣ್ಣ, ನೋಡುವವರು ಬಡತನ ನೋಡಲು ಬರುತ್ತಿದ್ದಾರೆ ಎಂದೆ.

"ಸುಮ್ಕಿರ್ಲಾ ತಿಮ್ಮೇಶ! ಅಷ್ಟು ದೊಡ್ಡ ಮನುಸ ಮನೆಗ್ ಬತ್ತಾವ್ನೆ, ಬರೀ ಗೋಡೆ ತೋರ್ಸೀಯಾ? ಊರ್ ಮರ್ವಾದೆ ಕಣ್ಲಾ," ಎಂದು ಗದರಿ ಇಳಿಸಿಯೇ ಬಿಟ್ಟ.

ಸೋಫಾ ಪಕ್ಕದ ಮನೆಯ ಜಯಲಕ್ಷ್ಮಮ್ಮನವರದು. ಮಗಳ ಮದುವೆಯಲ್ಲಿ ತಂದಾಗಿನ ಪ್ಲಾಸ್ಟಿಕ್ ಕವರನ್ನು ಅವರು ಇನ್ನೂ ತೆಗೆದಿಲ್ಲ. ನಿಮ್ಮ ಹೊರತು ಬೇರೆ ಯಾರೂ ಕೂರಬಾರದು ಎಂಬ ಕರಾರಿನ ಮೇಲೆ ಕೊಟ್ಟರು. ನಿಮ್ಮ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದವರು ಅವರೇ. ಭದ್ರತಾ ಸಿಬ್ಬಂದಿ ಎಂದುಕೊಂಡಿರೇನೋ, ಅದು ಸೋಫಾದ ಭದ್ರತೆ. ನೀವು ಏಳುವಾಗ ಬೆವರಿಗೆ ಅಂಟಿದ ಕವರು ಚರ್ರ್ ಎಂದಾಗ ನೀವು ಮುಖ ಕೆಂಪು ಮಾಡಿಕೊಂಡು ಸುತ್ತ ನೋಡಿದಿರಿ. ನಾವು ಯಾರೂ ನಿಮ್ಮನ್ನು ತಪ್ಪು ತಿಳಿಯಲಿಲ್ಲ. ಆ ಸೋಫಾದ ಸದ್ದು ಊರಿಗೇ ಗೊತ್ತು.

ನಮ್ಮ ತಾಯಿ ಮಾದಮ್ಮನವರ ಬಾಯಿ ಮಾತ್ರ ನನಗೆ ಹೆದರಿಕೆ. "ಅವ್ವ, ನೀನು ಏನೂ ಮಾತಾಡ್ಬೇಡ," ಎಂದು ಕೈ ಮುಗಿದೆ. "ನಾನ್ಯಾಕ್ಲಾ ಮಾತಾಡ್ಲಿ? ಕಂಡೋರ್ ಫ್ರಿಡ್ಜು, ಕಂಡೋರ್ ಸೋಫಾ. ಎಲ್ಲಾ ತಂದಾಯ್ತಲ್ಲ, ಕಂಡೋರ್ ಅವ್ವನ್ನೂ ತಂದು ಕೂರುಸ್ಬುಡು, ನಾನು ಅವ್ರ ಮನೇಲಿ ಮನಿಕತೀನಿ," ಎಂದವರು ಆಮೇಲೆ ನಿಜವಾಗಿಯೂ ತುಟಿ ಬಿಚ್ಚಲಿಲ್ಲ. ಅವತ್ತೊಂದು ದಿನ ಅವರು ಬಾಯಿ ಬಿಟ್ಟಿದ್ದರೆ ನಮ್ಮ ಕಾರ್ಡು ಉಳಿಯುತ್ತಿತ್ತು. ಮಗನ ಮಾತನ್ನು ಜೀವಮಾನದಲ್ಲಿ ಕೇಳಿದ್ದು ಒಂದೇ ಸಲ, ಅದೂ ಅವತ್ತೇ.

ನೀವು ಬಂದಿರಿ. ಮೊಟ್ಟೆ ಇಡುವ ಕೋಳಿಯನ್ನೇ ಕೊಯ್ದು ಮಾಡಿದ ಸಾರಿಗೆ ಮುದ್ದೆ ಅದ್ದಿ ಬಾಯಿಗಿಟ್ಟು, ಅಗಿದಿರಿ. ಸ್ವಾಮಿ, ಮುದ್ದೆಯನ್ನು ಅಗಿಯುತ್ತಾರೆಯೇ? ನುಂಗಬೇಕಾದ್ದನ್ನು ನೀವು ಅಗಿಯುತ್ತಿದ್ದುದನ್ನು ನೋಡಲಾರದೆ ನಾನೇ ಬರೀ ಬಾಯಲ್ಲಿ ನುಂಗಿ ತೋರಿಸಿದೆ. ಆಮೇಲೆ ಫ್ರಿಡ್ಜು ತೆರೆದಿರಿ. ಒಳಗೆ ರಾಗಿಹಿಟ್ಟಿನ ಡಬ್ಬ, ನಮ್ಮವ್ವನ ಸೀರೆ, ನನ್ನ ಚಪ್ಪಲಿ. ನಮ್ಮ ಮನೆಯಲ್ಲಿರುವುದು ಒಂದೇ ಪ್ಲಗ್ಗು, ಅದಕ್ಕೆ ನಿಮಗಾಗಿ ತಂದ ಫ್ಯಾನು ಸಿಕ್ಕಿಸಿದ್ದೆವು. ಫ್ರಿಡ್ಜು ಸುಮ್ಮನೆ ಬೀರುವಿನಂತೆ ನಿಂತಿತ್ತು. ನೀವು ಬಗ್ಗಿ ನೋಡಿ, ಜೊತೆಯವರ ಕಡೆ ತಿರುಗಿ, "ರಾಗಿಹಿಟ್ಟನ್ನೂ ಫ್ರಿಡ್ಜಲ್ಲೇ ಇಡುತ್ತಾರೆ, ನೋಡಿ! ಹಳ್ಳಿಯ ಜನ ಎಷ್ಟು ಮುಂದುವರಿದಿದ್ದಾರೆ!" ಎಂದಿರಿ. ಚಪ್ಪಲಿಯ ವಿಷಯ ಏನೆಂದುಕೊಂಡಿರೋ, ಇವತ್ತಿಗೂ ಅದೇ ನನಗೆ ಯೋಚನೆ.

ಮುಂದಿನ ವಾರ ರೇಷನ್ ಆಫೀಸಿನ ನೌಕರರೊಬ್ಬರು ಬಂದು ಫೋನಿನಲ್ಲಿ ನಿಮ್ಮ ಭೇಟಿಯ ಫೋಟೋಗಳನ್ನು ತೋರಿಸಿದರು. ಫ್ರಿಡ್ಜು ಇದೆ, ಸೋಫಾ ಇದೆ, ಫ್ಯಾನು ಇದೆ. ಮನೆಯ ಮುಂದೆ ಬಿಳಿ ಕಾರಿದೆ, ಕಾರಿಗೆ ಒರಗಿಕೊಂಡು ನಾನೇ ನಿಂತಿದ್ದೇನೆ. ನಿಂತಿದ್ದು ನಿಮ್ಮ ಡ್ರೈವರಣ್ಣ "ಸ್ವಲ್ಪ ನೋಡ್ಕೊಂಡಿರಪ್ಪ, ನೀರು ಕುಡ್ದು ಬತ್ತೀನಿ" ಎಂದು ಹೋದದ್ದಕ್ಕೆ. ಎಲ್ಲವೂ ಎರವಲು ಸ್ವಾಮಿ, ಬೇಕಾದರೆ ಒಳಗೆ ಬಂದು ನೋಡಿ ಎಂದೆ. ಅವರು ಹೊಸ್ತಿಲಲ್ಲೇ ನಿಂತು, "ಒಳಗೆ ಇಲ್ಲ ಅಂತ ಬರೆಯೋಕೆ ನಂಗೆ ಅಧಿಕಾರ ಇಲ್ಲ, ಫೋಟೋದಲ್ಲಿ ಇರೋದನ್ನ ಬರೀಬೇಕು," ಎಂದರು. ನಾಲ್ಕು ಚಕ್ರದ ವಾಹನ: ಉಂಟು. ಮುಗಿಯಿತು.

ಈಗ ನಿಮಗೊಂದು ಪ್ರಶ್ನೆ. ನೀವು ಬಂದ ದಿನವೇ ಬೆಳಿಗ್ಗೆ ನಮ್ಮೂರಿನ ಆಶಾ ಕಾರ್ಯಕರ್ತೆ ಮಂಗಳಮ್ಮ ಅವ್ವನ ಬಿಪಿ ನೋಡಲು ಬಂದಿದ್ದಳು. ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿ, "ಇದ್ಯಾರ್ದು ತಿಮ್ಮೇಶಣ್ಣ? ಫ್ರಿಡ್ಜಿನ್ ವೈರು ಸುತ್ತಿದ್ದಂಗೇ ಐತೆ. ಇದ್ದ ಕೋಳೀನೂ ಕುಯ್ದ್ಬುಟ್ರಾ? ನಾಳಿಕ್ ಏನ್ ಮಾಡೀರಿ?" ಎಂದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಒಂದು ನೋಟಕ್ಕೆ ಕಂಡದ್ದು ನಿಮ್ಮ ಅಷ್ಟು ಜನರ ಪರಿವಾರಕ್ಕೆ ಯಾಕೆ ಕಾಣಲಿಲ್ಲ? ಅವಳೂ ಇಂಥದೇ ಮನೆಯಲ್ಲಿ ಹುಟ್ಟಿ ಬೆಳೆದವಳು, ಅದಕ್ಕೆ. ನೆಂಟರು ಬಂದಾಗ ಬಡತನ ಎದ್ದು ಹಿತ್ತಿಲಿಗೆ ಹೋಗುತ್ತದೆ ಮಾನ್ಯರೇ, ಪಡಸಾಲೆಯಲ್ಲಿ ಸೋಫಾದ ಮೇಲೆ ಕೂತಿರುವುದಿಲ್ಲ. ಅದನ್ನು ಕಾಣಲು ಕನಿಕರ ಇರುವ ಕಣ್ಣು ಬೇಕು. ನೀವು ಉಣ್ಣುವಾಗ ನಮ್ಮಲ್ಲಿ ಒಬ್ಬರೂ ಯಾಕೆ ಉಣ್ಣಲಿಲ್ಲ ಎಂದು ಕೇಳಿದಿರಾ? ಅದೊಂದು ಕೇಳಿದ್ದರೆ ಸಾಕಿತ್ತು, ನಿಮ್ಮ ಕಾರ್ಯಕ್ರಮ ಅಲ್ಲಿಗೇ ಯಶಸ್ವಿಯಾಗುತ್ತಿತ್ತು. ನೀವು ಬಿಟ್ಟುಹೋದ ಅರ್ಧ ಮುದ್ದೆಯನ್ನು ಅವ್ವ ಉಂಡರು. ಈಗ ಅಕ್ಕಿ ನಿಂತ ಮೇಲೆ ಅವರು "ನಂಗ್ ಹಸಿವಿಲ್ಲ ಕಣ್ಲಾ" ಎನ್ನುವುದು ಹೆಚ್ಚಾಗಿದೆ. ಹಸಿವಿಲ್ಲ ಎಂದು ಅವರು ಇಷ್ಟು ಮೆತ್ತಗೆ ಹೇಳಿದ್ದನ್ನು ನಾನು ಹಿಂದೆ ಕೇಳಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ. ನಮ್ಮ ಕಾರ್ಡು ವಾಪಸು ಕೊಡಿಸಿ. ಅದು ಆಗುವುದಿಲ್ಲವೆಂದರೆ ನ್ಯಾಯವಾಗಿ ಕಾರನ್ನಾದರೂ ಕಳಿಸಿಕೊಡಿ. ನನಗೆ ಓಡಿಸಲು ಬರುವುದಿಲ್ಲ, ಅವ್ವ ಒಳಗೆ ಕೂತು ರಾಗಿ ಹಸನು ಮಾಡುತ್ತಾರೆ. ನಂಬಿಕೆ ಬಾರದಿದ್ದರೆ ಇನ್ನೊಮ್ಮೆ ನೀವೇ ಬನ್ನಿ. ಫೋಟೋ ತೆಗೆಯುವವರನ್ನು ಬಿಟ್ಟು, ಬಸ್ಸಿಳಿದು, ನಡೆದುಕೊಂಡು ಬನ್ನಿ. ಮನೆಯಲ್ಲಿ ಇದ್ದದ್ದನ್ನು ನಮ್ಮ ಜೊತೆ ಚಾಪೆಯ ಮೇಲೆ ಕೂತು ಉಣ್ಣಿ. ಮುದ್ದೆ ನುಂಗುವುದನ್ನು ಅವ್ವ ಹೇಳಿಕೊಡುತ್ತಾರೆ.

ಈ ಕೊನೆಯ ಸಾಲುಗಳನ್ನು ಗಟ್ಟಿಯಾಗಿ ಓದಿ ನೋಡುತ್ತಿದ್ದೆ. ಒಳಗಿನಿಂದ ಸರಸಮ್ಮ ಓಡಿ ಬಂದಳು.

"ಏನಂದ್ರಿ? ತಿರ್ಗಾ ಬತ್ತಾರಂತಾ? ಯಾವತ್ತು? ಸರ್ಯಾಗ್ ಯೋಳಿ, ಜಯಲಕ್ಷ್ಮಮ್ಮ ಸೋಫಾನ ಬೇರೆಯೋರ್ಗೆ ಕೊಟ್ಬುಟ್ಟಾಳು!"

ಹೀಗಾಗಿ, ಮಾನ್ಯರೇ, ದಯವಿಟ್ಟು ಬರುವ ದಿನವನ್ನು ನನಗೂ ತಿಳಿಸಬೇಡಿ.

ಇಂತಿ,
ಓಡಿಸಲು ಬಾರದ ನಿಮ್ಮ ಕಾರಿನ ಮಾಲೀಕ,
ತಿಮ್ಮೇಶ
(ಏಳನೇ ಕ್ಲಾಸು, ಅರ್ಧ)