ಹೊಳೆ, ಇನ್ನೂರು ಎಂ.ಎಲ್.

ಅಮ್ಮಾ, ಬದುಕಿದ್ದೇನೆ, ಧೈರ್ಯವಾಗಿ ಮುಂದೆ ಓದು.

ಈ ಕಾಡಿನ ಶಿಬಿರದಲ್ಲಿ ನಾವೆಲ್ಲ ಡಯಾಲಿಸಿಸ್ ಗಿರಾಕಿಗಳು. ದೋಣಿ ಹತ್ತಿಸಿದ ಮೇಷ್ಟ್ರು, “ಹುಟ್ಟು ಹಾಕೋದು ನೀರು ಕುಡಿದಷ್ಟು ಸುಲಭ ಕಣ್ರೋ” ಎಂದರು. ದಿನಕ್ಕೆ ಮೂರೇ ಲೋಟ ನೀರಿನ ಅಪ್ಪಣೆಯಿರುವ ನಾವು ಬಿದ್ದು ಬಿದ್ದು ನಕ್ಕೆವು. ಕೊನೆಗೆ ದೋಣಿ ಮಗುಚಿ ನಿಜವಾಗಿಯೂ ಬಿದ್ದೆವು.

ದಡಕ್ಕೆ ಎಳೆದ ನರ್ಸಮ್ಮ ಕೇಳಿದ್ದು ಒಂದೇ: “ಎಷ್ಟು ಕುಡಿದೆ?”

“ಒಂದು ಲೋಟ ಇರಬಹುದು, ಸಿಸ್ಟರ್.”

ಚಾರ್ಟಿನಲ್ಲಿ ‘ಹೊಳೆ, ಇನ್ನೂರು ಎಂ.ಎಲ್.’ ಎಂದು ಬರೆದುಕೊಂಡು ನನ್ನ ಸಂಜೆಯ ಚಹಾಕ್ಕೆ ಕತ್ತರಿ ಹಾಕಿದರು.

ತೂಕ ತುಸು ಏರಿದೆ. ನಾಳೆ ಹೇಗೂ ಡಯಾಲಿಸಿಸ್ ಇದೆ, ಗಾಬರಿಯಾಗಬೇಡ.

ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಪೋಸ್ಟ್‌ಮ್ಯಾನ್ ಓದಿದರೆ ಓದಲಿ, ಸಿಸ್ಟರಿಗೆ ಮಾತ್ರ ಹೇಳಬೇಡ: ಮೊದಲ ಗುಟುಕಷ್ಟೇ ತಾನಾಗಿ ಒಳಗೆ ಹೋದದ್ದು. ಉಳಿದದ್ದನ್ನು ನಾನೇ ಕುಡಿದೆ. ಎಷ್ಟು ತಣ್ಣಗಿತ್ತಮ್ಮಾ!

ನಿನ್ನ ಒದ್ದೆ ಮಗಳು