ಜಡೆ ಹೆಣೆಯುವ ಹುಡುಗಿ

ಮಾರ್ಚ್ ೧೪, ಹೋಟೆಲ್ ರೂಮು

ಆ ಚಿತ್ರ ಕೊಳ್ಳಬಾರದಿತ್ತೇನೋ. ಪರದೇಶದ ನೆನಪಿಗಿರಲಿ ಅಂತ ಓಣಿಯ ಚಿತ್ರಗಾರನ ಮನೆಗೆ ಹೋದೆ. ಕಿಟಕಿ ಹತ್ತಿರ ಜಡೆ ಹೆಣೆದುಕೊಳ್ಳುವ ಹುಡುಗಿಯ ಚಿತ್ರಕ್ಕೆ ಮನಸೋತೆ. ಮುದುಕ ಅದಕ್ಕೆ ಕಾಗದ ಸುತ್ತತೊಡಗಿದ. ಅಷ್ಟರಲ್ಲಿ ಒಳಗಿಂದ ಅವನ ಹೆಂಡತಿ ಬಂದಳು. ಅವರ ಭಾಷೆ ನನಗೆ ಅಷ್ಟಿಷ್ಟು ಅರ್ಥವಾಗುತ್ತೆ.

"ಮಗಳನ್ನ ಕೊಟ್ಟುಬಿಟ್ರಾ?"

"ಇದನ್ನ ನೋಡ್ತಾ ನೋಡ್ತಾ ನಿನಗೆ ತುತ್ತು ಇಳೀತಿಲ್ಲವಲ್ಲೇ."

ಹುಡುಗಿ ತೀರಿಕೊಂಡು ವರ್ಷವಾಯಿತಂತೆ. ಬೇಡವೆಂದು ನಾನು ಹಿಂದೆ ಸರಿದೆ. ಆ ತಾಯಿಯೇ ದಾರ ಬಿಗಿದು ನನ್ನ ಕೈಗಿಟ್ಟಳು.

"ಬಿಸಿಲು ಬೀಳದ ಕಡೆ ಹಾಕಿ. ಅವಳಿಗೆ ಸೆಕೆ ತಡೆಯೋಕಾಗಲ್ಲ."

ಆಗಲಮ್ಮ ಅಂದೆ. ಮೆಟ್ಟಿಲಿಳಿಯುವಾಗ ಮೇಲೆ ಮುದುಕ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ತಿರುಗಿ ಹೋಗದೆ, ಚಿತ್ರಕ್ಕೆ ಬಿಸಿಲು ತಾಗದಂತೆ ಓಣಿಯ ನೆರಳಿನಲ್ಲೇ ನಡೆದು ಬಂದೆ.